ಕಿಟಕಿ ಮುಚ್ಚಿ ಮಾಡಿದ ಬುರಿಟೊ

ಸ್ಕೂಟರಿಗೆ ನೇತುಹಾಕಿದ ಚೀಲ ಹರಿದು ಖೀಮಾ ನಡುರಸ್ತೆಯಲ್ಲಿ ಬೀಳಬಹುದಿತ್ತು. ಯಾರಾದರೂ ತಡೆದು ‘ಏನದು?’ ಎಂದು ಕೇಳಬಹುದಿತ್ತು. ‘ಎಮ್ಮೆಯದು’ ಎಂದು ಹೇಳುವಷ್ಟರಲ್ಲಿ ನನ್ನ ನಾಲಿಗೆ ತೊದಲಿ, ಮಾಡದ ಕಳ್ಳತನ ಮುಖದ ಮೇಲೆ ಕಾಣಬಹುದಿತ್ತು. ಗೇಟಿನಲ್ಲೇ ಮನೆಯ ಮಾಲಕಿ ಎದುರಾಗಬಹುದಿತ್ತು. ಕರೆಂಟು ಹೋಗಿ ಅಡುಗೆಮನೆಯ ಫ್ಯಾನು ನಿಂತು, ವಾಸನೆಯೆಲ್ಲ ಮೆಟ್ಟಿಲು ಹತ್ತಿ ಅವರ ಮನೆಗೆ ಹೋಗಬಹುದಿತ್ತು. ಮಗಳು ತಟ್ಟೆಯ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಬಹುದಿತ್ತು. ಮಾಲಕಿ ಎಲ್ಲರ ಸ್ಟೇಟಸ್ಸನ್ನೂ ತಪ್ಪದೆ ನೋಡುವವರು. ಇದೆಲ್ಲ ಕೂಡಿ ಕೊನೆಗೆ, ‘ಸರ, ಬ್ಯಾರೆ ಮನಿ ನೋಡ್ಕೊಳ್ರಿ’ ಎಂಬ ಒಂದೇ ಮಾತಾಗಿ ನಮ್ಮ ಬಾಗಿಲಿಗೆ ಬರಬಹುದಿತ್ತು.

“ನಡುವ ಗ್ಯಾಸ್ ತೀರಿದ್ರ? ಅದನ್ನ ಬಿಟ್ರಿ ನೋಡ್ರಿ,” ಎಂದಳು ನನ್ನ ಪಟ್ಟಿ ಕೇಳಿದ ಹೆಂಡತಿ.

ಹೌದು, ಬಿಟ್ಟಿದ್ದೆ. ಅದನ್ನೂ ಸೇರಿಸಿಕೊಂಡೆ.

ನನ್ನ ಹೆದರಿಕೆಗೆ ಕಾರಣ ಇಲ್ಲದಿರಲಿಲ್ಲ. ರಾಯಚೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ, ದೇವದುರ್ಗದ ಕಾಲೇಜಿನಲ್ಲಿ ಪಾಠ ಮಾಡುವವನು ಎಂದರೆ ಎಲ್ಲರೂ ‘ಬರ್ರಿ ಸರ, ಕುಂದರ್ರಿ’ ಎಂದು ಕುರ್ಚಿ ಎಳೆಯುತ್ತಿದ್ದರು. ಆಮೇಲೆ ಅಡ್ಡಹೆಸರು ಕೇಳುತ್ತಿದ್ದರು, ಊರಿನಲ್ಲಿ ಯಾವ ಓಣಿ ಎಂದು ಕೇಳುತ್ತಿದ್ದರು. ಅಷ್ಟಾದ ಮೇಲೆ ಆ ಮನೆ ಇದ್ದಕ್ಕಿದ್ದಂತೆ ಅವರ ತಮ್ಮನಿಗೆ ಬೇಕಾಗುತ್ತಿತ್ತು. ಮನೆಯಿಲ್ಲದ ತಮ್ಮಂದಿರು ಇಷ್ಟೊಂದು ಇರುವ ಊರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈಗಿನ ಮಾಲಕಿ ಮಾತ್ರ ಏನೂ ಕೇಳಲಿಲ್ಲ. ಕೃಷ್ಣಾ ದಂಡೆಯ ಗೂಗಲ್ ಎಂಬ ಹಳ್ಳಿಯ ಕಡೆಯವರು, ಗಂಡ ಇಲ್ಲ, ಮೇಲಿನ ಮಹಡಿಯಲ್ಲಿ ಒಬ್ಬರೇ ಇರುತ್ತಾರೆ, ಮೊಟ್ಟೆಯನ್ನೂ ಮುಟ್ಟುವವರಲ್ಲ. “ನೀರು ಸುಮ್ನ ಹರಿಬಿಡಬ್ಯಾಡ್ರಿ. ಚಿಕನ್ ಮಟನ್ ಮಾಡ್ಕೊಂಡ್ರ ನಂದೇನ ತಕರಾರಿಲ್ಲ,” ಎಂದು ಕೀಲಿಕೈ ಕೊಟ್ಟಿದ್ದರು. ಚಿಕನ್, ಮಟನ್ ಆದ ಮೇಲೆ ಮೂರನೆಯದು ಯಾವುದು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆದ್ದರಿಂದ ನಮ್ಮ ಮನೆಯಲ್ಲಿ ಬೀಫ್ ಬೇಯಿಸಿದ್ದೇ ಇಲ್ಲ. ಮಾನ್ವಿ ಕಡೆಯ ಮಲ್ಲಟದಲ್ಲಿರುವ ನನ್ನ ಅಕ್ಕ ರಾಯಚೂರಿಗೆ ಬಂದಾಗ ಒಂದು ಡಬ್ಬಿ ತರುತ್ತಿದ್ದಳು. ಅದನ್ನು ಬಿಸಿ ಮಾಡುವುದಷ್ಟೇ ನಮ್ಮ ಕೆಲಸ. ಬಂದೋಬಸ್ತು ನನ್ನದು. ಮೊದಲು ಎಲ್ಲ ಕಿಟಕಿಗಳನ್ನು ಮುಚ್ಚಿ ಚಿಲಕ ಹಾಕುವುದು. ಆಮೇಲೆ ಕೆಂಡದ ಮೇಲೆ ಲೋಬಾನ, ಅಂದರೆ ಸಾಂಬ್ರಾಣಿ, ಉದುರಿಸಿ ಮನೆ ತುಂಬ ಹೊಗೆ ಹಿಡಿಯುವುದು. ರಾಯಚೂರಿನ ಬೇಸಿಗೆಯಲ್ಲಿ ಕಿಟಕಿ ಮುಚ್ಚಿ, ಹೊಗೆ ಹಾಕಿಕೊಂಡು, ಖಾರದ ಸಾರು ಉಣ್ಣುವುದು ಹೇಗಿರುತ್ತದೆ ಎಂದು ಉಂಡವರಿಗಷ್ಟೇ ಗೊತ್ತು. ಅಷ್ಟು ಮಾಡಿದರೂ ಮೇಲಿನಿಂದ ಕೆಮ್ಮು ಕೇಳಿಸುತ್ತಿತ್ತು. ಆ ಕೆಮ್ಮು ನನಗೆ ಚೆನ್ನಾಗಿ ತಿಳಿಯುತ್ತಿತ್ತು. ಬಾಯಿಬಿಟ್ಟು ಬೈಯಲಾರದ ಹಿರಿಯರು ಹಾಗೆಯೇ ಕೆಮ್ಮುವುದು. ಕೇಳಿಸಿದ ಕೂಡಲೇ ಇನ್ನೊಂದು ಚಿಟಿಕೆ ಲೋಬಾನ ಹಾಕುತ್ತಿದ್ದೆ.

ಈ ಬೇಸಿಗೆಯಲ್ಲಿ ಹಾಸ್ಟೆಲಿನಿಂದ ರಜೆಗೆ ಬಂದ ಮಗಳು ಫೋನಿನಲ್ಲಿ ಒಂದು ಅಡುಗೆ ನೋಡಿಕೊಂಡು ಬಂದಳು.

“ಯಪ್ಪಾ, ಕೆಸಡಿಯಾ ಅಂದ್ರ ಚಪಾತಿ ನಡುವ ಖೀಮಾ, ಚೀಸ್ ಇಟ್ಟು ಮಡಚಿ ತವಾದ ಮ್ಯಾಲ ಬೇಸೂದು. ಬುರಿಟೊ ಅಂದ್ರ ಖೀಮಾ, ಅನ್ನ, ಕಾಳು ಎಲ್ಲಾ ಒಳಗಿಟ್ಟು ಸುತ್ತೂದು. ಬೀಫ್‌ನಾಗ ಮಾಡಿದ್ರನ ಮಜಾ.”

“ಚಿಕನ್‌ನಾಗ ಮಾಡವ್ವ.”

“ನಮ್ಮ ಮನ್ಯಾಗ ನಮ್ಮ ಅಡಗಿ ಮಾಡಾಕ ಯಾರ ಪರವಾನಗಿ ಬೇಕು?”

“ಮನಿ ನಮ್ದಲ್ಲ, ಬಾಡಿಗಿದು.”

“ಬಾಯಿ ನಮ್ದಲ್ಲೇನು?” ಎಂದಳು. ಇಂಥ ಮಾತು ಅವಳು ಕಲಿತದ್ದು ಕಾಲೇಜಿನಲ್ಲಿ. ಆ ಕಾಲೇಜಿನ ಶುಲ್ಕ ಕಟ್ಟುತ್ತಿರುವವನೂ ನಾನೇ.

ಭಾನುವಾರ ಅಂಗಡಿಗೆ ಹೋಗಿ, ಎಮ್ಮೆಯದೇ ಎಂದು ಎರಡೆರಡು ಸಲ ಕೇಳಿ ಖೀಮಾ ಮಾಡಿಸಿ, ಬಿಲ್ ಕೊಡಿ ಎಂದೆ. ಅಂಗಡಿಯವರು ಕತ್ತಿ ಕೆಳಗಿಟ್ಟು, “ಸರ್, ಖೀಮಾಕ್ಕ ಬಿಲ್ ಕೇಳಿದವ್ರು ನೀವ ಮೊದಲ್ನೇದವ್ರು. ಗ್ಯಾರಂಟಿ ಕಾರ್ಡೂ ಬೇಕೇನ್ರಿ?” ಎಂದು ನಕ್ಕರು. ಚೀಲ ಹರಿಯಲಿಲ್ಲ. ಯಾರೂ ತಡೆಯಲಿಲ್ಲ. ಗೇಟಿನಲ್ಲಿ ಒಂದು ನಾಯಿಯ ಹೊರತು ಯಾರೂ ಇರಲಿಲ್ಲ.

ಸಂಜೆ ನಾನು ಎಂದಿನಂತೆ ಕಿಟಕಿಗಳನ್ನು ಮುಚ್ಚಿದೆ. ಈ ಸಲ ಹಸಿಯದನ್ನೇ ಬೇಯಿಸುವುದಾದ್ದರಿಂದ ಲೋಬಾನವನ್ನೂ ಎಂದಿಗಿಂತ ಹೆಚ್ಚು ಹಾಕಿದೆ. ಮಗಳು ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆಯೊಂದಿಗೆ ಖೀಮಾ ಹುರಿದಳು. ಹೆಂಡತಿ ಮೈದಾ ಯಾಕೆ ಎಂದು ತೆಳ್ಳಗೆ ಜೋಳದ ರೊಟ್ಟಿ ಬಡಿದಳು. ಸುತ್ತಿದ ಕೂಡಲೇ ರೊಟ್ಟಿ ನಡುವೆ ಸೀಳಿ, ಖೀಮಾ, ಅನ್ನ, ರಾಜ್ಮಾ ಮೂರೂ ಮೂರು ದಿಕ್ಕಿಗೆ ಹೋದವು. “ನಮ್ಮ ರೊಟ್ಟಿಗಿ ಇಂಥಾ ಸರ್ಕಸ್ ಬರೂದಿಲ್ಲವ್ವ,” ಎಂದು ಮೈದಾ ನಾದಲು ಕುಳಿತಳು. ಆಮೇಲೆ ಮೈದಾದ ದೊಡ್ಡ ಚಪಾತಿಯಲ್ಲಿ, ಬಾಣಂತಿ ಮನೆಯಲ್ಲಿ ಕೂಸನ್ನು ಸುತ್ತುವಂತೆ ಎರಡೂ ಬದಿ ಒಳಗೆ ಮಡಚಿ ಬಿಗಿಯಾಗಿ ಸುತ್ತಿದಳು. ಒಂದೂ ಬಿಚ್ಚಲಿಲ್ಲ.

ಕೆಸಡಿಯಾ ನನ್ನ ಪಾಲಿಗೆ ಬಂತು. ಮಡಚಿದ ಚಪಾತಿಯ ಅಂಚಿನಿಂದ ಚೀಸ್ ಕರಗಿ ತವಾದ ಮೇಲೆ ಹರಿದು ಕರ್ರಗೆ ಸುಟ್ಟಿತು. ಲೋಬಾನದ ಹೊಗೆಗೆ ಚೀಸಿನ ಹೊಗೆ ಸೇರಿ ಹೆಂಡತಿಯ ಮುಖ ನನಗೆ ಕಾಣದಾಯಿತು. ಮೇಲೆ ಕೆಮ್ಮು ಶುರುವಾಯಿತು. ಈ ಸಲ ಅದು ನಿಲ್ಲಲಿಲ್ಲ. ಮೆಟ್ಟಿಲು ಇಳಿದು ಬಂತು. ಬಾಗಿಲು ಬಡಿಯುವ ಸದ್ದಾಯಿತು.

“ಸರ! ಬಾಗಲಾ ತಗೀರಿ! ಏನ ಸುಡಾಕತ್ತದ?”

ತೆರೆದೆ. ಮಾಲಕಿ ಮೂಗಿಗೆ ಸೆರಗು ಹಿಡಿದು ನಿಂತಿದ್ದರು.

“ಏನಿಲ್ರೀ ಅಮ್ಮಾರ, ಮೆಕ್ಸಿಕೋ ದೇಶದ್ದು… ಒಂಥರಾ ಚಪಾತಿ.”

“ಒಳಗೇನದ?”

ರಾಜ್ಮಾ ಎಂದು ಹೇಳಬಹುದಿತ್ತು. ಒಳಗೆ ರಾಜ್ಮಾ ಇದ್ದದ್ದೂ ನಿಜ. ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಮಗಳು ಕೂಗಿದಳು: “ದೊಡ್ಡದರ ಖೀಮಾರೀ ಅಮ್ಮಾರ, ಎಮ್ಮಿದು. ಬರೇ ಕಾಳಿಂದೂ ಅದ, ಆದ್ರ ಎರಡಕ್ಕೂ ತವಾ ಒಂದ. ನೀವು ತಿನ್ನಬ್ಯಾಡ್ರಿ.”

ನನ್ನ ಮನಸ್ಸು ಆಗಲೇ ಟೆಂಪೋಕ್ಕೆ ಕಪಾಟು ಏರಿಸುತ್ತಿತ್ತು. ಹಿಂದಿನ ಸಲವೇ ಅದರ ಒಂದು ಕಾಲು ಮುರಿದಿತ್ತು.

ಮಾಲಕಿ ಮನಸಾರೆ ಕೆಮ್ಮಿ ಮುಗಿಸಿದರು. “ಅದು ನನಗ ಗೊತ್ತದವ್ವ. ಮಲ್ಲಟದಿಂದ ನಿಮ್ಮತ್ತಿ ಡಬ್ಬಿ ತಂದ ದಿನಾ ಇಲ್ಲಿ ಲೋಬಾನ ಏಳ್ತದ. ಓಣಿ ಮಂದಿ ಎಲ್ಲಾ ಗಾಳಿ ಬರ್ಲಿ ಅಂತ ಕಿಡಕಿ ತಗದ್ರ ನಿಮ್ಮಪ್ಪ ಮುಚ್ಚತಾರ. ತಿಳಿಯಂಗಿಲ್ಲೇನು?” ಆಮೇಲೆ ನನ್ನ ಕಡೆ ತಿರುಗಿದರು. “ಸರ, ನನಗ ದಮ್ಮಿನ ಬ್ಯಾನಿ ಅದ. ಈ ಹೊಗಿ ಮ್ಯಾಲ ಬಂದು ನನ್ನ ಎದಿಮ್ಯಾಗ ಕುಂದರ್ತದ.”

“ಹೇಳಬೇಕಿಲ್ಲೇನ್ರೀ ಅಮ್ಮಾರ!”

“ಹ್ಯಾಂಗ ಹೇಳ್ಲಿ? ಹೊಗಿ ಬ್ಯಾಡ ಅಂದ್ರ, ಊಟದ ಸಲುವಾಗಿ ಅಂದ್ಳು ಅಂತ ತಿಳಕೊಂಡು ಮನಿ ಬಿಟ್ಟು ಹೋಗ್ತೀರಿ. ನಿಮ್ಮಂಗ ನೀರು ನೋಡಿ ಬಳಸೂ ಮಂದಿ ನನಗೆಲ್ಲಿ ಸಿಗ್ತಾರ? ನನಗ ತಿನ್ನಾಕ ಹೇಳಬ್ಯಾಡ್ರಿ, ಅಷ್ಟ. ಮೊದ್ಲ ಆ ಕಿಡಕಿ ತಗೀರಿ, ಪುಣ್ಯಾ ಬರ್ತದ.”

ಹೆಂಡತಿ ಲೋಬಾನದ ಬಟ್ಟಲನ್ನು ಎತ್ತಿಕೊಂಡು ಹಿತ್ತಲಿಗೆ ಓಡಿದಳು. ನಾನು ಅಂಗಿಯ ತೋಳಿನಿಂದ ಬೆವರು ಒರೆಸಿಕೊಂಡೆ. ಕೆಮ್ಮು ಇಳಿಯುವವರೆಗೆ ಮಾಲಕಿ ನಮ್ಮ ಕಟ್ಟೆಯ ಮೇಲೆ ಕುಳಿತರು. ಹೆಂಡತಿ ಬಿಸಿನೀರು ಕೊಟ್ಟಳು, ಅವರು ಕುಡಿದರು.

ನಾನು ಅಡುಗೆಮನೆಯ ಕಿಟಕಿಗೆ ಹೋದೆ. ಎಂದೂ ಇಲ್ಲದ ಹುಮ್ಮಸ್ಸಿನಲ್ಲಿ ಚಿಲಕ ಎಳೆದೆ. ಮುಚ್ಚಿ ಮುಚ್ಚಿ ತುಕ್ಕು ಹಿಡಿದಿದ್ದ ಅದು ಮೊಳೆ ಸಮೇತ ಕಿತ್ತು ನನ್ನ ಕೈಗೆ ಬಂತು. ಕದ ತಾನಾಗಿಯೇ ತೆರೆದುಕೊಂಡು ಗೋಡೆಗೆ ಬಡಿಯಿತು.

ಕಟ್ಟೆಯಿಂದ ಮಾಲಕಿಯ ದನಿ ಬಂತು: “ಏನ ಮುರೀತ್ರಿ, ಸರ?”

ಅಷ್ಟು ಉದ್ದದ ನನ್ನ ಪಟ್ಟಿಯಲ್ಲಿ ಚಿಲಕ ಇರಲೇ ಇಲ್ಲ. “ಏನಿಲ್ರೀ ಅಮ್ಮಾರ,” ಎಂದು ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಗಾಳಿ ಬರುವ ಕಡೆ ಕುಳಿತು ನಾನು ಬುರಿಟೊಗೆ ಕೈ ಹಾಕಿದೆ.