ವೀರಭದ್ರ ಧೈರ್ಯ ಅಳೆದದ್ದು

ಹುಮನಾಬಾದಿನ ವೀರಭದ್ರ ಬಸವಕಲ್ಯಾಣದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ. ನಾನು ಅಲ್ಲೇ ಗಣಿತದವನು. ದಿನಾ ಒಂದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದುದರಿಂದ ಅವನ ತಲೆಬಿಸಿಯಲ್ಲಿ ಅರ್ಧ ನನಗೂ ಬರುತ್ತಿತ್ತು.

2007ರಲ್ಲಿ ಅವನಿಗೊಂದು ಹುಚ್ಚು ಹಿಡಿಯಿತು. ಹುಡುಗರು ಲ್ಯಾಬಿನಲ್ಲಿ ಹಳೇ ಪ್ರೋಗ್ರಾಂಗಳನ್ನೇ ನಕಲು ಹೊಡೆದದ್ದು ಸಾಕು, ಇನ್ನು ಓಪನ್ ಸೋರ್ಸ್ ತಂತ್ರಾಂಶಗಳಲ್ಲಿ ಕೆಲಸ ಮಾಡಲಿ ಎಂದ. ಅಂದರೆ, ಜಗತ್ತಿನ ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದಂಥವು. ಇದರಿಂದ ಅವರಿಗೆ ಧೈರ್ಯ ಬರುತ್ತದೆ ಎಂಬುದು ಅವನ ವಾದ.

"ಬರ್ತದಂತ ಅಳದು ತೋರಸ್ರಿ. ಇಲ್ಲಂದ್ರ ಮುಂದಿನ ಸೆಮಿಸ್ಟರ್ ಇದು ಬಂದ್" ಎಂದರು ಪ್ರಿನ್ಸಿಪಾಲರು.

ವೀರಭದ್ರ ಅಳೆಯಲು ಹೊರಟ. ನಿಮ್ಮ ಆತ್ಮವಿಶ್ವಾಸಕ್ಕೆ ಹತ್ತರಲ್ಲಿ ಎಷ್ಟು ಕೊಡುತ್ತೀರಿ ಎಂದು ಇಡೀ ಕ್ಲಾಸನ್ನು ಕೇಳಿದ. ಎಲ್ಲರದೂ ಹತ್ತಕ್ಕೆ ಹತ್ತು! ಹಾಜರಿ ಹೇಳಲೂ ಅಂಜುವ ಮುಡಬಿಯ ಮೀನಾಳದೂ ಹತ್ತೇ. ಅನುಮಾನ ಬಂದು ವಿಚಾರಿಸಿದರೆ, "ನೀವು ಕಲಸೀರಿ. ನಿಮಗ ಕಮ್ಮಿ ಹ್ಯಾಂಗ ಕೊಡಾದ್ರಿ ಸರ್?" ಎಂದಳು. ಆ ಸಂಜೆ ಬಸ್ಸಿನಲ್ಲಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನು ನಗಲಿಲ್ಲ. ಈ ಪಾಠ ನಿಂತರೆ ನೌಕರಿಯಲ್ಲಿ ಏನು ರುಚಿ ಉಳಿಯುತ್ತದೆ ಎಂದ. ನನಗೆ ಪಾಪ ಅನ್ನಿಸಿತು.

ಅಷ್ಟರಲ್ಲಿ ಮೀನಾಳ ಕೆಲಸ ತಿರುಗಿ ಬಂತು. ಪತ್ರ ಬರೆಯುವ ಒಂದು ತಂತ್ರಾಂಶದಲ್ಲಿ, ಕರೆಂಟ್ ಹೋದರೆ ಬರೆದದ್ದೆಲ್ಲ ಅಳಿಸಿಹೋಗುತ್ತಿತ್ತು. ಅವಳು ಅದನ್ನು ಸರಿಪಡಿಸಿ ಕಳಿಸಿದ್ದಳು. ಆ ತಂತ್ರಾಂಶ ನೋಡಿಕೊಳ್ಳುವ ಪರದೇಶದ ಮನುಷ್ಯ, ಹಾಗೆಲ್ಲ ಆಗುವುದೇ ಇಲ್ಲ, ಇದು ಬೇಡ ಎಂದು ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದ.

"ನೀವ ಬರೀರಿ ಸರ್, ನಿಮ್ಮ ಮಾತು ಕೇಳ್ತಾರ" ಎಂದಳು ಮೀನಾ.

"ನಾ ಬರ್ಯಂಗಿಲ್ಲ. ಕೆಲಸ ನಿಂದು."

ಅವಳು ಕಣ್ಣು ತುಂಬಿಕೊಂಡು ಹೋದವಳು ಒಂದು ವಾರ ಕಾಲೇಜಿನ ಕಡೆ ಸುಳಿಯಲಿಲ್ಲ. ಎರಡು ಸಾಲು ಗೀಚಿಕೊಟ್ಟಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ವೀರಭದ್ರನನ್ನು ಬೈದೆ. ಅವನಾಗಲೇ ತನ್ನನ್ನು ತಾನು ಬೈದುಕೊಳ್ಳುತ್ತಿದ್ದ.

ಸೋಮವಾರ ಪ್ರಿನ್ಸಿಪಾಲರು ಲ್ಯಾಬಿಗೆ ತಪಾಸಣೆಗೆ ಬಂದರು, ನಾನೂ ಹಿಂದೆಯೇ ಹೋದೆ. ಮೀನಾ ಬಂದಿದ್ದಳು. ಅವಳ ಕಂಪ್ಯೂಟರಿನಲ್ಲಿ ಒಂದು ಉತ್ತರ ತೆರೆದಿತ್ತು. ಊರಿನ ನೆಟ್ ಅಂಗಡಿಯಲ್ಲಿ ಕೂತು ಅವಳೇ ಆ ಮನುಷ್ಯನಿಗೆ ಬರೆದಿದ್ದಳು: ನಿಮ್ಮಲ್ಲಿ ಕರೆಂಟ್ ಹೋಗುವುದಿಲ್ಲ, ನಮ್ಮಲ್ಲಿ ದಿನಾ ಹೋಗುತ್ತದೆ. ಒಂದು ಸಲ ಪ್ಲಗ್ ಕಿತ್ತು ನೋಡಿ. ಪುಣ್ಯಾತ್ಮ ನಿಜಕ್ಕೂ ಕಿತ್ತಿದ್ದ. ಬರೆಯುತ್ತಿದ್ದುದೆಲ್ಲ ಮಂಗಮಾಯವಾಗಿತ್ತು. ಕ್ಷಮೆ ಕೇಳಿ, ಅವಳ ತಿದ್ದುಪಡಿಯನ್ನು ಸೇರಿಸಿಕೊಂಡಿದ್ದ.

"ಅಷ್ಟು ದೊಡ್ಡ ಮನಷ್ಯಾಗ ಹಿಂಗ ಬರದಿ? ಹೆದರಿಕಿ ಆಗಲಿಲ್ಲೇನು?" ಎಂದರು ಪ್ರಿನ್ಸಿಪಾಲರು.

"ಭಾಳ ಆಗಿತ್ರಿ. ಆದ್ರ ತಪ್ಪು ಅವರದಿತ್ತಲ್ರಿ."

ಪ್ರಿನ್ಸಿಪಾಲರು ವೀರಭದ್ರನ ಕಡೆ ತಿರುಗಿದರು. "ಮುಂದಿನ ಸೆಮಿಸ್ಟರೂ ನಡಸ್ರಿ ವೀರಭದ್ರ" ಎಂದು ಹೊರಟುಹೋದರು.

ಆ ಸಂಜೆ ಬಸ್ಸು ಹೊರಡುವ ಮೊದಲೇ ವೀರಭದ್ರ ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆಹೋದ. ಹುಮನಾಬಾದ್ ಬಂದರೂ ಏಳಲಿಲ್ಲ. ಎಬ್ಬಿಸಲು ನನಗೂ ಮನಸ್ಸು ಬರಲಿಲ್ಲ. ಕೊನೆಗೆ ಕಂಡಕ್ಟರ್ ಬಂದು ಇಬ್ಬರನ್ನೂ ಬೈದು ಇಳಿಸಿದ.