ಪಂಚಕಜ್ಜಾಯ ತಿಂದೊಡನೆ ಹೊರಡುತ್ತಿದ್ದ ದೇವರು

ಮೈಮೇಲೆ ದೇವರು ಬಂದು ಕೂತಿದ್ದ ನಮ್ಮ ಯಜಮಾನರ ಬೆರಳಿಗೆ ಮೊಮ್ಮಗಳು ಸುಮಾ ಸೂಜಿ ಚುಚ್ಚಿಯೇಬಿಟ್ಟಳು! ಕಮ್ಮರಡಿಯ ನಮ್ಮ ಜಗಲಿಯಲ್ಲಿ ಕೈಮುಗಿದು ನಿಂತಿದ್ದವರೆಲ್ಲ ಹೌಹಾರಿದರು.

ಒಂದು ವರ್ಷದಿಂದ ಪ್ರತಿ ಸಂಕಷ್ಟಿಯ ಉಪವಾಸಕ್ಕೂ ಇವರು ಬೆವರಿ, ನಡುಗಿ ಏನೇನೋ ನುಡಿಯುತ್ತಿದ್ದರು. ಬಾಯಿಗೆ ಬೆಲ್ಲ, ಕಾಯಿತುರಿಯ ಪಂಚಕಜ್ಜಾಯ ಹಾಕಿದರೆ ದೇವರು ಹೊರಟುಹೋಗುತ್ತಿತ್ತು. ಆವತ್ತು ಪಕ್ಕದ ಮನೆಯ ಶೇಷಪ್ಪ ಕಳೆದುಹೋದ ಎಮ್ಮೆಯ ಬಗ್ಗೆ ಕೇಳಿದ್ದಕ್ಕೆ, "ಎನ್.ಆರ್. ಪುರದ ಬಸ್ಸು ಹತ್ತಿತು" ಎಂದು ಅಪ್ಪಣೆಯಾಗಿತ್ತು. ಅವನು ಆಗಲೇ ಚಪ್ಪಲಿ ಮೆಟ್ಟಿ ಓಡಿದ್ದ.

"ಎಂತ ಮಾಡ್ತೀಯೇ ಕೂಸೇ, ದೇವ್ರಿಗೆ ಚುಚ್ಚೂದಾ?" ಎಂದು ನಾನು ಕೂಗಿದೆ.

ನರ್ಸಿಂಗ್ ಓದುತ್ತಿದ್ದ ಸುಮಾ ಕೈಯಲ್ಲಿದ್ದ ಮೆಷಿನ್ ನೋಡಿ, "ದೇವ್ರಲ್ಲ ಅಜ್ಜಿ, ಅಜ್ಜನ ರಕ್ತದಲ್ಲಿ ಸಕ್ಕರೆನೇ ಇಲ್ಲ. ಬೇಗ ಬೆಲ್ಲದ ನೀರು ತಾ!" ಎಂದಳು.

ಮಂಗಳೂರಿನ ಡಾಕ್ಟರು ಇವರ ಮೇದೋಜೀರಕ ಗ್ರಂಥಿಯಲ್ಲಿ ಅವರೆಕಾಳಿನಷ್ಟು ಗಡ್ಡೆ ಕಂಡುಹಿಡಿದರು. ಬೇಡಬೇಡವೆಂದರೂ ಇನ್ಸುಲಿನ್ ಸುರಿಸಿ ಮೈಯೊಳಗಿನ ಸಕ್ಕರೆಯನ್ನೆಲ್ಲ ಅದು ಇಳಿಸುತ್ತಿತ್ತಂತೆ. ಹಾಗೇ ಬಿಟ್ಟಿದ್ದರೆ ಒಂದು ದಿನ ಮಲಗಿದವರು ಏಳುತ್ತಿರಲಿಲ್ಲವಂತೆ. ಆಪರೇಷನ್ ಮಾಡಿ ತೆಗೆದರು, ನನ್ನ ಯಜಮಾನರು ನನಗೆ ಸಿಕ್ಕಿದರು!

ಸುದ್ದಿ ಕೇಳಿದ ಶೇಷಪ್ಪನ ಮುಖ ಮಾತ್ರ ಸಪ್ಪಗಾಯಿತು. "ಹಂಗಾರೆ ನಾನು ಬಸ್‌ಸ್ಟ್ಯಾಂಡಲ್ಲಿ ಎರಡು ದಿನ ಎಮ್ಮೆ ಕಾದಿದ್ದು ಎಂತಕ್ಕೆ ಮಾರಾಯ್ತಿ?"

ಈಗ ಸಂಕಷ್ಟಿಯ ಪಂಚಕಜ್ಜಾಯದಲ್ಲಿ ಗಣಪತಿಗಾದ ಮೇಲೆ ಮೊದಲ ಹಿಡಿ ನನ್ನ ಸುಮಾಳದ್ದು. ಅಷ್ಟರಲ್ಲೇ ಕೈಚಾಚುವ ಯಜಮಾನರಿಗೆ, "ತಡೀರಿ, ನಿಮ್ಮ ಮೈಮೇಲೆ ಯಾರೂ ಬಂದಿಲ್ಲ" ಎನ್ನುತ್ತೇನೆ.