ಬಾಯಿ ಬಿಟ್ಟು ಓದು

ಕೆಲವರಿಗೆ ಹಾವು ಕಂಡರೆ ಭಯ, ಕೆಲವರಿಗೆ ಗುಡುಗು. ನನಗೆ ಪುಸ್ತಕ ಹಿಡಿದು ಸುಮ್ಮನೆ ಕೂತ ಮಗುವನ್ನು ಕಂಡರೆ ಭಯ. ನಗುತ್ತೀರಿ ಅಂತ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಮೊಮ್ಮಗಳು ನಡುಮನೆಯಲ್ಲಿ ಹೋಂವರ್ಕಿಗೆ ಕೂರುತ್ತಾಳೆ. ತುಟಿ ಅಲ್ಲಾಡುವುದಿಲ್ಲ, ಹಾಳೆ ತಿರುವುವ ಸದ್ದೂ ಇಲ್ಲ. ಆಗಾಗ ಪುಸ್ತಕ ಮುಚ್ಚಿ ಗೋಡೆ ನೋಡುತ್ತಾಳೆ. ನಾನು ಪೇಪರಿನ ಹಿಂದೆ ಕೂತು ಬೆವರುತ್ತೇನೆ. ‘ಬಾಯಿ ಬಿಟ್ಟು ಓದು’ ಎಂಬ ಮಾತು ಗಂಟಲವರೆಗೆ ಬಂದು ನಿಲ್ಲುತ್ತದೆ. ಅದು ಹೊರಗೆ ಬಂದರೆ ಏನಾಗುತ್ತದೆಂದು ನನಗೆ ಗೊತ್ತು. ಹಿಂದೊಮ್ಮೆ ಬಂದಿತ್ತು.

ನಾನು ಗುಬ್ಬಿಯಲ್ಲಿ ಹೈಸ್ಕೂಲು ಓದಿದ್ದು ಎಪ್ಪತ್ತರ ದಶಕದ ಮೊದಲಲ್ಲಿ. ಅಪ್ಪನಿಗೆ ತೆಂಗಿನ ತೋಟವಿತ್ತು, ರಾಗಿ ಹೊಲವಿತ್ತು, ಅಕ್ಷರ ಮಾತ್ರ ಇರಲಿಲ್ಲ. ಮಕ್ಕಳು ಓದುತ್ತಿದ್ದಾರೋ ಇಲ್ಲವೋ ತಿಳಿಯಲು ಅವನಿಗಿದ್ದದ್ದು ಕಿವಿಯೊಂದೇ. ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕೂತು ಒಳಗಿನ ದನಿ ಕೇಳುತ್ತಿದ್ದ. ದನಿ ನಿಂತರೆ ಅವನ ಕೆಮ್ಮು, ಕೆಮ್ಮಿಗೂ ಬಗ್ಗದಿದ್ದರೆ ತೆಂಗಿನ ಗರಿಯ ಕಡ್ಡಿ. ‘ಮೋಟ್ರು ಸದ್ದು ಮಾಡ್ತಾ ಐತೆ ಅಂದ್ರೆ ನೀರು ಬೀಳ್ತಾ ಐತೆ ಅಂತ. ಅಷ್ಟೇ ಕಣ್ಲಾ ವಿದ್ಯೆ’ ಅನ್ನುತ್ತಿದ್ದ.

ಬಾವಿಗೆ ಪಂಪ್‌ಸೆಟ್ಟು ಇಟ್ಟವರಿಗೆಲ್ಲ ಗೊತ್ತು, ಪೈಪಿನ ತಳದಲ್ಲಿ ನೀರು ಹಿಡಿದಿಡುವ ಫುಟ್‌ವಾಲ್ವ್ ಕೆಟ್ಟರೆ ಮೋಟಾರು ಬೆಳಗಿನಿಂದ ಸಂಜೆಯವರೆಗೆ ಒದರಿದರೂ ಪೈಪಿನ ಬಾಯಲ್ಲಿ ಹನಿ ಬೀಳುವುದಿಲ್ಲ. ತೋಟದಲ್ಲಿ ಅಪ್ಪನಿಗೂ ಅದು ಗೊತ್ತಿತ್ತು, ಮನೆಗೆ ಬಂದರೆ ಮರೆತುಹೋಗುತ್ತಿತ್ತು. ನಾನು ಆ ಜಾತಿಯ ಮೋಟಾರು. ಸಮಾಜ ಪಾಠದಲ್ಲಿ ಮಣ್ಣಿನ ಸವಕಳಿಯ ಬಗ್ಗೆ ಒಂದು ಪುಟವಿತ್ತು. ‘ಮಣ್ಣಿನ ಸವಕಳಿಗೆ ಮುಖ್ಯ ಕಾರಣಗಳು ಯಾವುವೆಂದರೆ’ ಎಂದು ಶುರುಮಾಡಿದರೆ ಬಾಯಿ ತಾನೇ ನಡೆಯುತ್ತಿತ್ತು. ನಾನು ಗೋಡೆಯ ಹಲ್ಲಿ ಹುಳ ಹಿಡಿಯುವುದನ್ನು ನೋಡುತ್ತಾ ಕೂರಬಹುದಿತ್ತು. ಆ ವರ್ಷವೆಲ್ಲ ಬಹುತೇಕ ಅದೊಂದೇ ಪುಟ ಓದಿದೆ. ಜಗಲಿಯಲ್ಲಿ ಅಪ್ಪ ತೃಪ್ತಿಯಿಂದ ಎಲೆ ಅಡಿಕೆ ಹಾಕುತ್ತಿದ್ದ.

ಮೇಷ್ಟ್ರ ಕಿವಿ ಬೇರೆ ತರಹದ್ದು. ‘ಏನ್ಲಾ, ಬೀದಿಗೆಲ್ಲ ಕೇಳೋ ಹಂಗೆ ಓದ್ತೀಯಂತೆ. ಗಾಳಿಯಿಂದ ಮಣ್ಣು ಹೆಂಗೆ ಹೋಗುತ್ತೆ ಹೇಳು’ ಅಂದರು. ನಾನು ‘ಮಣ್ಣಿನ ಸವಕಳಿಗೆ ಮುಖ್ಯ ಕಾರಣಗಳು’ ಅಂತ ಶುರುಮಾಡಿದೆ. ‘ಅದು ಬುಡು. ಗಾಳಿ ಹೇಳು’ ಅಂದರು. ಬಾಯಿಪಾಠದವನ ಕಷ್ಟ ಅದೇ ನೋಡಿ, ಗಾಳಿಗೆ ಹೋಗಬೇಕಾದರೂ ಮೊದಲ ಸಾಲಿನಿಂದಲೇ ಹೊರಡಬೇಕು. ನಡುವೆ ಹತ್ತಲು ಸ್ಟಾಪಿಲ್ಲದ ಬಸ್ಸು ಅದು. ಬೆತ್ತದ ಏಟಿಗೆ ಕೈ ಊದಿಕೊಂಡಿತು. ಎಸ್ಸೆಸ್ಸೆಲ್ಸಿಯನ್ನು ಎರಡನೆಯ ಸಲಕ್ಕೆ ಹೇಗೋ ದಾಟಿದೆ. ಅಪ್ಪ ಮಾತ್ರ ಆ ಪಾಸನ್ನು ಸದ್ದಿನ ಲೆಕ್ಕಕ್ಕೇ ಬರೆದುಕೊಂಡ.

ಆಮೇಲೆ ತುಮಕೂರಿಗೆ ಬಂದು ಶಿರಾ ಗೇಟಿನ ಹತ್ತಿರ ಹಗ್ಗ, ಮೊಳೆ, ತಗಡು ಮಾರುವ ಅಂಗಡಿಯಲ್ಲಿ ಕೆಲಸಕ್ಕೆ ನಿಂತೆ. ಒಂದು ವಠಾರದಲ್ಲಿ ಎರಡು ಕೋಣೆಯ ಮನೆ ಹಿಡಿದೆ. ಎಂಬತ್ತರ ದಶಕ ಶುರುವಾಗಿತ್ತು. ನನಗಿಂತ ಬಹಳ ಚಿಕ್ಕವಳಾದ ತಂಗಿ ಗೌರಿಯನ್ನು ಹೈಸ್ಕೂಲಿಗೆ ನನ್ನ ಹತ್ತಿರ ಬಿಟ್ಟರು. ಬಿಡುವಾಗ ಅಪ್ಪ ಒಂದು ಮಾತು ಹೇಳಿದ: ‘ಎಸ್ಸೆಸ್ಸೆಲ್ಸಿ ಪಾಸಾದ್ರೆ ಮುಂದಕ್ಕೂ ಓದ್ಲಿ. ನಪಾಸಾದ್ರೆ ಕುಣಿಗಲ್ ಕಡೆಯೋರು ಕೇಳ್ಕೊಂಡು ಬಂದವ್ರೆ, ಕೊಟ್ಬುಡಾಣ. ನೀನೇ ಜವಾಬ್ದಾರಿ ಕಣ್ಲಾ.’

ಕುಣಿಗಲ್ ಒಳ್ಳೆಯ ಊರು. ಆದರೆ ನಮ್ಮ ಎರಡು ಕೋಣೆಯಲ್ಲಿ ಆ ಹೆಸರು ಎತ್ತುವಂತಿರಲಿಲ್ಲ. ಬಸ್‌ಸ್ಟ್ಯಾಂಡಿನ ಮುಂದೆ ಹಾಯುವಾಗ ಕಂಡಕ್ಟರು ‘ಕುಣಿಗಲ್, ಕುಣಿಗಲ್’ ಅಂತ ಕೂಗಿದರೆ ಗೌರಿ ಸೆರಗು ಹಿಡಿದೆಳೆದವರಿಂದ ತಪ್ಪಿಸಿಕೊಳ್ಳುವವಳ ಹಾಗೆ ಬಿರಬಿರನೆ ನಡೆಯುತ್ತಿದ್ದಳು. ಅವಳಿಗೆ ಮದುವೆಯ ಭಯ, ನನಗೆ ಅಪ್ಪನ ಭಯ. ಇಬ್ಬರೂ ಒಂದೇ ಸೂರಿನಡಿ ನಮ್ಮ ನಮ್ಮ ಭಯ ಬೇಯಿಸಿಕೊಂಡು ಉಣ್ಣುತ್ತಿದ್ದೆವು.

ಗೌರಿ ಓದುವ ರೀತಿಯೇ ಬೇರೆ. ಕೊಟ್ಟ ಹೋಂವರ್ಕನ್ನು ಕೊಟ್ಟ ಸಂಜೆಯೇ ಮುಗಿಸುತ್ತಿದ್ದಳು. ಆಮೇಲೆ ಒಂದು ಲೋಟ ನೀರು ಪಕ್ಕದಲ್ಲಿಟ್ಟುಕೊಂಡು ನೆಲದ ಮೇಲೆ ಕೂರುತ್ತಿದ್ದಳು. ಪಾಠವನ್ನು ಮನಸ್ಸಿನಲ್ಲೇ ಓದಿ ಪುಸ್ತಕ ಮುಚ್ಚಿಬಿಡುವಳು. ಬೆರಳನ್ನು ನೀರಿಗೆ ಅದ್ದಿ, ಓದಿದ್ದನ್ನು ಕೆಂಪು ಗಾರೆಯ ನೆಲದ ಮೇಲೆ ಬರೆಯುವಳು. ಪುಸ್ತಕ ತೆಗೆದು ನೋಡುವಳು. ತಪ್ಪಿದ್ದರೆ ನಾಲಿಗೆ ಕಚ್ಚಿಕೊಂಡು ಮತ್ತೆ ಬರೆಯುವಳು. ಅಷ್ಟರಲ್ಲಿ ಮೊದಲು ಬರೆದದ್ದು ಆರಿಹೋಗಿರುತ್ತಿತ್ತು. ಮೊನ್ನೆ ಮುಗಿಸಿದ ಪಾಠವನ್ನೂ ಇವತ್ತು ನೋಡದೆ ಬರೆಯುವಳು. ನಮ್ಮ ಅಜ್ಜಂದಿರ ಕಾಲದ ಕೂಲಿಮಠಗಳಲ್ಲಿ ಮಗ್ಗಿ, ಸಂವತ್ಸರ, ನಕ್ಷತ್ರ ಎಲ್ಲ ಕೂಗಿಸಿ ಕಲಿಸುತ್ತಿದ್ದರಂತೆ, ಅದು ನಿಜ. ಆದರೆ ಅದೇ ಮಠದಲ್ಲಿ ಮರಳು ಹರಡಿ ಬೆರಳಿನಿಂದ ತಿದ್ದಿಸುತ್ತಲೂ ಇದ್ದರು. ಬರೆಯುವುದು, ಅಳಿಸುವುದು, ನೆನೆದು ಮತ್ತೆ ಬರೆಯುವುದು. ಕೂಗುವ ಅರ್ಧ ಅಪ್ಪನ ಮೂಲಕ ನನಗೆ ಬಂತು. ಉಳಿದರ್ಧ ಯಾರೂ ಹೇಳಿಕೊಡದೆ ಗೌರಿಗೆ ಹೇಗೆ ಬಂತೋ ಕಾಣೆ. ಇದೆಲ್ಲ ಈಗ ತೋಚುವ ಮಾತು. ಆಗ ನನಗೆ ಕಂಡದ್ದು ನೀರಾಟ.

ಗೌರಿ ಎಸ್ಸೆಸ್ಸೆಲ್ಸಿಗೆ ಬಂದ ವರ್ಷ ವಠಾರದ ಯಜಮಾನಿ ರಂಗಮ್ಮನವರಿಗೂ ಹಾಗೇ ಕಂಡಿತು. ‘ಏನಪ್ಪಾ, ನಿನ್ ತಂಗಿ ಓದೋ ಸದ್ದೇ ಇಲ್ವಲ್ಲ. ನಮ್ಮುಡುಗ ಓದಕ್ಕೆ ಕೂತ್ರೆ ಬೀದಿ ನಾಯಿ ಎದ್ದೋಗ್ತವೆ’ ಅಂದರು. ನಾನು ಒಳಗೆ ಬಂದು ಆ ಮೂರು ಮಾತು ಆಡಿದೆ: ‘ಬಾಯಿ ಬಿಟ್ಟು ಓದು.’

‘ಬಾಯಿ ಬಿಟ್ರೆ ತಲೆಗೆ ಹೋಗಲ್ಲ ಕಣಣ್ಣ.’

‘ತಲೆಗೆ ಆಮೇಲೆ ಹೋಗ್ಲಿ. ಮೊದ್ಲು ಕಿವಿಗೆ ಬೀಳ್ಬೇಕು.’

ಇದನ್ನು ನಾನು ನಿಜವಾಗಿಯೂ ಹೇಳಿದೆ. ನೀರಿನ ಲೋಟ ಎತ್ತಿ ಅಡುಗೆಮನೆಯಲ್ಲಿಟ್ಟೆ. ಕೋಳಿ ಕೂಗುವ ಮೊದಲು ಎಬ್ಬಿಸಿ ಓದಿಸಿದೆ, ಸಂಜೆ ಮತ್ತೆ ಓದಿಸಿದೆ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳ ಅಂಕ ಇಳಿದವು. ದನಿ ಸಾಲದು ಅಂದುಕೊಂಡೆ. ನೀರು ಬಾರದಿದ್ದರೆ ಮೋಟಾರನ್ನು ಇನ್ನಷ್ಟು ಓಡಿಸುವ ದಡ್ಡನ ಹಾಗೆ, ಇನ್ನೂ ಜೋರಾಗಿ ಅಂದೆ. ನನ್ನ ಕಣ್ಣಲ್ಲಿ ಕಂಡದ್ದನ್ನು ಅವಳು ಕೋಪ ಅಂದುಕೊಂಡಿರಬೇಕು. ಅದು ಹೆದರಿಕೆ. ಹೆದರಿದ ದೊಡ್ಡವರು ಮಕ್ಕಳಿಗೆ ಯಾವಾಗಲೂ ಕೋಪಗೊಂಡವರ ಹಾಗೇ ಕಾಣುತ್ತಾರೆ.

ಶಿವರಾತ್ರಿಯ ಹೊತ್ತಿಗೆ ಗೌರಿಯ ದನಿ ಬಿದ್ದುಹೋಯಿತು. ಮೊದಲು ಕರಕರ, ಆಮೇಲೆ ಬರೀ ಗಾಳಿ. ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಹೇಳಿಕೊಡುತ್ತಿದ್ದವಳು ಅವಳು. ಡಾಕ್ಟರು ಗಂಟಲು ನೋಡಿ, ‘ಪರೀಕ್ಷೆವರೆಗೂ ಒಂದು ಮಾತೂ ಆಡಬಾರದು. ಏನು ಮಾಡಿಸಿದ್ರಿ ಈ ಹುಡುಗಿ ಕೈಲಿ’ ಅಂದರು. ನಾನು ನೆಗಡಿ ಅಂದೆ. ಮನೆಗೆ ಬಂದವಳು ನನ್ನ ಕಡೆ ನೋಡಲಿಲ್ಲ. ಅಡುಗೆಮನೆಯಿಂದ ನೀರಿನ ಲೋಟ ತಂದುಕೊಂಡು ನೆಲದ ಮೇಲೆ ಕೂತಳು.

ಆ ದಿನಗಳ ಸದ್ದಿಲ್ಲದ ಮನೆಯಲ್ಲಿ ನಾನು ಹೇಗಿದ್ದೆನೋ ನನಗೇ ಗೊತ್ತು. ಅಷ್ಟರಲ್ಲಿ ಒಂದು ಭಾನುವಾರ ಅಪ್ಪ ತೆಂಗಿನಕಾಯಿ ಚೀಲ ಹೊತ್ತು ಗುಬ್ಬಿ ಬಸ್ಸಿಳಿದು ಬಂದ. ವಿಷಯ ತಿಳಿದರೆ ‘ಓದಿ ಕಾಯಿಲೆ ಬಂತು, ಸಾಕು ಬುಡು’ ಅಂತ ಸಂಜೆ ಬಸ್ಸಿಗೇ ಅವಳನ್ನು ಹತ್ತಿಸುತ್ತಿದ್ದ. ಮುಂದಿನ ಬಸ್ಸು ಕುಣಿಗಲ್ಲಿಗೆ. ಗೌರಿ ತಲೆ ತಗ್ಗಿಸಿ ಕಾಫಿ ಕೊಟ್ಟಳು, ಊಟ ಬಡಿಸಿದಳು. ಅವಳು ಮಾತಾಡಲಿಲ್ಲವೆಂಬುದು ಅಪ್ಪನಿಗೆ ಗೊತ್ತೇ ಆಗಲಿಲ್ಲ. ನಮ್ಮ ಮನೆಯಲ್ಲಿ ಅಪ್ಪನೆದುರು ಹೆಣ್ಣುಮಕ್ಕಳು ಮಾತಾಡದಿರುವುದೇ ಮರ್ಯಾದೆ. ಅದು ಎಂಥ ಮರ್ಯಾದೆ ಅಂತ ಅವತ್ತು ಮೊದಲ ಸಲ ನನಗೆ ಅನ್ನಿಸಿತು.

ಊಟವಾದ ಮೇಲೆ ಅಪ್ಪ ಜಗಲಿಯಲ್ಲಿ ಕೂತ. ‘ಗೌರಿ ಓದ್ಕಳ್ಳಿ. ಕೇಳಿ ಬಾಳ ದಿನ ಆಯ್ತು’ ಅಂದ. ನಾನು ಅಂಗಡಿಗೆ ಹೋಗಿ ಬರುತ್ತೇನೆ ಅಂತ ಮುಂಬಾಗಿಲಿಂದ ಹೊರಟು, ವಠಾರ ಸುತ್ತಿ, ಹಿತ್ತಲ ಬಾಗಿಲಿಂದ ಒಳಗೆ ನುಗ್ಗಿದೆ. ಗೌರಿ ನೆಲದ ಮೇಲೆ ಬರೆಯುತ್ತಿದ್ದಳು. ನಾನು ಅವಳ ಪಕ್ಕ ಕೂತು, ಗಂಟಲು ಸಣ್ಣ ಮಾಡಿಕೊಂಡು ಓದಲು ಬಾಯಿ ತೆರೆದೆ. ಕೈಯಲ್ಲಿದ್ದದ್ದು ವಿಜ್ಞಾನದ ಪುಸ್ತಕ. ಕಣ್ಣು ಮಂಜಾಗಿ ಒಂದಕ್ಷರವೂ ಕಾಣಲಿಲ್ಲ. ಬಾಯಿಗೆ ಬಂದದ್ದು: ‘ಮಣ್ಣಿನ ಸವಕಳಿಗೆ ಮುಖ್ಯ ಕಾರಣಗಳು ಯಾವುವೆಂದರೆ...’

ಮೀಸೆ ಬಂದವನು ಹೆಣ್ಣು ದನಿಯಲ್ಲಿ ಮಣ್ಣು ಕೊಚ್ಚಿಕೊಂಡು ಹೋಗುವುದನ್ನು ವರ್ಣಿಸುತ್ತಿದ್ದರೆ ಗೌರಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ಆಮೇಲೆ ಮತ್ತೆ ಬೆರಳು ಅದ್ದಿದಳು. ನಾನು ನಿಲ್ಲಿಸಿದರೆ ಜಗಲಿಯಿಂದ ಕೆಮ್ಮು. ಆರುತ್ತಾ ಹೋಗುವ ಅವಳ ಅಕ್ಷರ ನೋಡುತ್ತಾ ಆ ಒಂದು ಪುಟವನ್ನು ಬಾಯಿ ಒಣಗುವವರೆಗೆ ಓದಿದೆ. ಸದ್ದು ಮಾಡುವವನು ಯಾರು, ಓದುವವರು ಯಾರು ಎಂಬುದು ಅಷ್ಟು ಸ್ಪಷ್ಟವಾಗಿ ನನಗೆ ಹಿಂದೆಂದೂ ಕಂಡಿರಲಿಲ್ಲ.

ಸಂಜೆ ಬಸ್ಸಿಗೆ ಹತ್ತಿಸುವಾಗ ಅಪ್ಪ ಅಂದ: ‘ಮಗೀಗೆ ದನಿ ಒಡ್ದಂಗೈತೆ, ಶುಂಠಿ ಕೊಡು. ಅಲ್ಲ ಕಣ್ಲಾ, ನೀನೂ ಆ ಮಣ್ಣಿನ ಪಾಠಾನೇ ಓದ್ತಿದ್ದೆ. ಹತ್ತೊರ್ಷದಿಂದ ಕೊಚ್ಕೊಂಡು ಹೋಗ್ತಾ ಐತಲ್ಲ, ಇನ್ನೂ ಮಣ್ಣು ಉಳಿದೈತಾ?’ ಅವನಿಗೆ ಗೊತ್ತಾಗಿತ್ತೋ ಇಲ್ಲವೋ. ಕೇಳುವ ಧೈರ್ಯ ನನಗೆ ಬರಲೇ ಇಲ್ಲ.

ಗೌರಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಕುಣಿಗಲ್ಲಿನವರು ಬೇರೆ ಕಡೆ ಹೆಣ್ಣು ನೋಡಿಕೊಂಡರು. ವಠಾರದಲ್ಲಿ ನನಗೆ ‘ತಂಗೀನ ಓದಿಸಿದೋನು’ ಎಂಬ ಹೆಸರು ಬಂತು. ನಾನು ಅದನ್ನು ಬೇಡ ಅನ್ನಲಿಲ್ಲ. ಹೇಗೆ ಓದಿಸಿದೆ ಅಂತ ರಂಗಮ್ಮನವರು ಕೇಳಿದಾಗ ‘ಬಾಯಿ ಬಿಟ್ಟು ಓದ್ಸಿದೆ’ ಅಂತಲೇ ಅಂದೆ. ಅವರ ಹುಡುಗ ಮುಂದಿನ ವರ್ಷ ಇನ್ನೂ ಜೋರಾಗಿ ಕೂಗಿ ಫೇಲಾದ. ಆ ಪಾಪದಲ್ಲೂ ನನಗೆ ಪಾಲಿದೆ.

ಮಾತಾಡುವಷ್ಟು ದನಿ ಗೌರಿಗೆ ವಾಪಸ್ಸು ಬಂತು. ಹಾಡುವ ದನಿ ಬರಲಿಲ್ಲ. ಮುಂದೆ ಅವಳು ಮೇಡಮ್ಮಾದಳು. ಅವಳ ದನಿ ಸಣ್ಣದಾದ್ದರಿಂದ, ಪಾಠ ಕೇಳಿಸಲೆಂದು ಮಕ್ಕಳು ಉಸಿರು ಬಿಗಿಹಿಡಿದು ಕೂರುತ್ತಿದ್ದರಂತೆ. ಅದನ್ನು ಅವಳು ಹೆಮ್ಮೆಯಿಂದಲೇ ಹೇಳುತ್ತಾಳೆ. ನಾನು ನಗುತ್ತೇನೆ. ಆದರೆ ಎಲ್ಲಾದರೂ ಶಾಲೆಯ ಪ್ರಾರ್ಥನೆ ಕೇಳಿಬಂದರೆ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತೇವೆ.

ಇದನ್ನು ಬರೆಯುತ್ತಿರುವಾಗಲೂ ಮೊಮ್ಮಗಳು ಪುಸ್ತಕ ಮುಚ್ಚಿ ಗೋಡೆ ನೋಡುತ್ತಿದ್ದಾಳೆ. ನಾನು ಪೆನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದೇನೆ. ತಿರುಗಿ, ‘ಏನ್ ತಾತ, ಯಾಕಂಗೆ ನೋಡ್ತಿದೀಯ?’ ಅಂದಳು. ‘ಏನಿಲ್ಲ ಕಣಮ್ಮ, ಓದ್ಕೊ’ ಅಂದೆ. ಎದ್ದು ಹೋಗಿ ಒಂದು ಲೋಟ ನೀರು ತಂದು ಅವಳ ಪಕ್ಕದಲ್ಲಿಟ್ಟೆ. ಅವಳು ಅದನ್ನು ಗಟಗಟನೆ ಕುಡಿದುಬಿಟ್ಟಳು. ಸರಿ, ಅವಳ ದಾರಿ ಅವಳದು. ಭಯ ಇನ್ನೂ ಹೋಗಿಲ್ಲ, ಈ ವಯಸ್ಸಿನಲ್ಲಿ ಹೋಗುವುದೂ ಇಲ್ಲ. ಆದರೆ ಅದನ್ನೂ ಬಾಯಿ ಬಿಡದೆ ಮನಸ್ಸಿನಲ್ಲೇ ಓದಿಕೊಳ್ಳಬಹುದು ಅನ್ನುವುದನ್ನು ಇಷ್ಟು ತಡವಾಗಿಯಾದರೂ ಕಲಿತಿದ್ದೇನೆ.